ಮೂರನೇ ಪ್ಲಗ್ಗಿನ ಗುಳಿ

ಗಾಡಿ ಕೆಟ್ಟಿತೆಂದು ಯಾರೂ ತಲೆ ತಗ್ಗಿಸುವುದಿಲ್ಲ. ಬದಿಗೆ ಹಾಕಿ, ಮೆಕ್ಯಾನಿಕನಿಗೆ ಫೋನ್ ಮಾಡಿ, ಅವನು ಬರುವ ತನಕ ಒಂದು ಚಹಾ ಕುಡಿಯುತ್ತಾರೆ. ಸಂಗಮನಾಥರಿಗೆ ಆ ಸೌಲಭ್ಯ ಇರಲಿಲ್ಲ. ನಾಶಿಕದ ಪಾಥರ್ಡಿ ಫಾಟಾದ ಅವರ ವಸತಿ ಸೊಸೈಟಿಯಲ್ಲಿ ಯಾರ ಸ್ಕೂಟರ್ ಕೆಮ್ಮಿದರೂ ಜನ ಮೊದಲು ಹತ್ತುತ್ತಿದ್ದುದು ಅವರ ಮನೆಯ ಮೆಟ್ಟಿಲನ್ನೇ. ಎಲ್ಲರ ಬಾಯಲ್ಲೂ ಅವರು ‘ಇಂಜಿನಿಯರ್ ಕಾಕಾ’. ನಿಜ ಹೇಳಬೇಕೆಂದರೆ ಅವರು ಭಾಲ್ಕಿಯಿಂದ ಬಂದು, ಅಂಬಡದ ಒಂದು ಕಾರ್ಖಾನೆಯ ಡಿಸ್‌ಪ್ಯಾಚ್ ವಿಭಾಗದಲ್ಲಿ ಪೆಟ್ಟಿಗೆ ಎಣಿಸುತ್ತಲೇ ನಿವೃತ್ತರಾದವರು. ಇಂಜಿನ್ನಿನ ವಿದ್ಯೆಯನ್ನು ಆಮೇಲೆ ಮೊಬೈಲಿನಲ್ಲಿ ವಿಡಿಯೊ ನೋಡಿ, ಸ್ವಂತ ಗಾಡಿ ಬಿಚ್ಚಿ ಜೋಡಿಸಿ ಕಲಿತರು. ವಿದ್ಯೆ ಸುಳ್ಳಲ್ಲ, ಹೆಸರು ಮಾತ್ರ ಸುಳ್ಳು. ಅದನ್ನು ತಿದ್ದಲು ಅವರಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

ಅಂಥವರ ಬಿಳಿ ಕಾರು ಶುಕ್ರವಾರ ಸಂಜೆ, ಸೊಸೈಟಿಯ ಅರ್ಧ ಜನ ಅಂಗಳದಲ್ಲಿ ಕುಳಿತಿದ್ದ ಹೊತ್ತಿಗೇ, ಗೇಟಿನಿಂದ ಪಾರ್ಕಿಂಗ್ ತನಕ ನಡುಗುತ್ತ, ಮುಗ್ಗರಿಸುತ್ತ ಬಂತು. ಓಡಿಸುತ್ತಿದ್ದವಳು ಸೊಸೆ ಹರ್ಷಿಣಿ. ಸಂಭಾಜಿನಗರದ ತವರುಮನೆಯಿಂದ ಬಂದಿದ್ದಳು. ಅವಳು ಇಳಿಯುವ ಮೊದಲೇ ಸಂಗಮನಾಥರು ಕಾರಿನ ಬಳಿ ಬಂದು ನಿಂತಿದ್ದರು.

“ಏನ್ ಮಾಡ್ದಿ ಗಾಡಿಗಿ?”

“ನಾನೇನೂ ಮಾಡಿಲ್ಲ ಮಾವ. ಯೇವಲಾ ದಾಟಿದ ಮೇಲೆ ಶುರುವಾಯ್ತು. ಪಿಕಪ್ಪೇ ಇಲ್ಲ, ಬರೀ ಜರ್ಕ್. ಹಳೂ ಹಳೂ ತಂದೆ.”

“ಮಿಸ್ ಹೊಡ್ಯಾಕತ್ತದ. ಪೆಟ್ರೋಲ್ ಎಲ್ಲಿ ಹಾಕ್ಸಿದ್ದಿ?”

“ದೌಲತಾಬಾದ್ ಹತ್ರ. ಒಂದು ಪಂಪಲ್ಲಿ.”

“ಮುಗೀತು ಬಿಡು,” ಎಂದರು ಸಂಗಮನಾಥರು, ಅಂಗಳದ ಕಡೆಗೆ ತಿರುಗಿ. “ಕಂಡ್ ಕಂಡಲ್ಲಿ ಪೆಟ್ರೋಲ್ ಹಾಕ್ಸಿ, ಕಂಡಂಗ ಹೊಡದ್ರ ಇಂಜಿನ್ ಏನ್ ಕಬ್ಬಿಣದ್ದೇನು?”

ಇಂಜಿನ್ ಕಬ್ಬಿಣದ್ದೇ ಅಲ್ಲವೇ ಎಂದು ಕೇಳುವ ಧೈರ್ಯ ಅಂಗಳದಲ್ಲಿ ಯಾರಿಗೂ ಇರಲಿಲ್ಲ. ನಾಲ್ಕು ಜನ ನಕ್ಕರು. ಹರ್ಷಿಣಿ ಕಿವಿಯ ತುದಿಯವರೆಗೂ ಕೆಂಪಾಗಿ, ಹಿಂದಿನ ಸೀಟಿನ ಚೀಲ ಎತ್ತಿಕೊಂಡು ಮೇಲೆ ಹೋದಳು. ಸಂಗಮನಾಥರಿಗೆ ಆಗ ಎದೆ ಕೊಂಚ ಹಗುರಾಯಿತು. ತಮ್ಮ ಮೇಲೆ ಬೀಳಬೇಕಿದ್ದ ನಗೆಯನ್ನು ಅವರು ಸೊಸೆಯ ತಲೆಗೆ ದಾಟಿಸಿದ್ದರು.

ಅಷ್ಟಕ್ಕೇ ಬಿಟ್ಟಿದ್ದರೆ ಮನೆಯ ಮಾತು ಮನೆಯಲ್ಲೇ ಮುಗಿಯುತ್ತಿತ್ತು. ಊಟವಾದ ಮೇಲೆ ಅವರು ಬೀಗರಿಗೆ ಫೋನ್ ಹಚ್ಚಿದರು. ಹರ್ಷಿಣಿಯ ಅಪ್ಪ ಮುದ್ದಣ್ಣನವರು ಕುಂದಾಪುರದ ಕಡೆಯವರು. ಸಂಭಾಜಿನಗರದ ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಶಾಕಾಹಾರಿ ಹೋಟೆಲು.

“ಬೀಗ್ರ, ಸಿಟ್ಟಾಗಬ್ಯಾಡ್ರಿ, ಒಂದ್ ಮಾತ್ ಹೇಳ್ತೀನಿ. ಖಂಡೇನವಮಿಗಿ ಇಂಜಿನ್ ತೊಳದು, ಪೂಜಾ ಮಾಡಿ ಇಟ್ಟ ಗಾಡಿರಿ ಅದು. ಲಿಂಗಕ್ಕ ಮಾಡ್ದಂಗ ಮಾಡೀನಿ. ಅಂಥಾ ಗಾಡಿ ನಿಮ್ಮ ಮಗಳು ಕೆಡಿಸ್ಕೊಂಡು ಬಂದಾಳ. ಗಾಡಿ ಹೊಡ್ಯಾಕ ಬರಲಾರದವರ ಕೈಯಾಗ ಕೀ ಕೊಟ್ಟಿದ್ದು ನಂದೇ ತಪ್ಪು ಅನ್ರಿ.”

ಆ ಕಡೆ ಹೋಟೆಲಿನ ಪಾತ್ರೆಗಳ ಸದ್ದು ಕೇಳುತ್ತಿತ್ತು. “ತಪ್ಪಾಯ್ತು ರಾಯ್ರೆ,” ಎಂದರು ಮುದ್ದಣ್ಣನವರು. “ನಾನೇ ಬರ್ತೇನೆ ಮಾರಾಯ್ರೆ, ಆದಿತ್ಯವಾರ.”

ಪೂಜೆಯ ಮಾತು ಮಾತ್ರ ನಿಜ. ಆಯುಧಪೂಜೆಯ ಆ ದಿನ ಉಳಿದವರು ಬಾನೆಟ್ಟಿನ ಮೇಲೆ ಚೆಂಡುಹೂವಿನ ಮಾಲೆ ಹಾಕಿ, ಚಕ್ರದ ಮುಂದೆ ಕಾಯಿ ಒಡೆದು ಪೇಢೆ ಹಂಚುತ್ತಾರೆ. ಗರ್ಭಗುಡಿ ಬಿಟ್ಟು ಹೊಸ್ತಿಲಿಗೆ ಕಾಯಿ ಒಡೆಯುವವರು ಎಂದು ಸಂಗಮನಾಥರಿಗೆ ಅವರ ಬಗ್ಗೆ ತಾತ್ಸಾರ. ಅವರು ಬಾನೆಟ್ ಎತ್ತಿ, ಇಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಕಳಚಿ, ಒಳಗಿನ ಲೋಹಕ್ಕೇ ಮೂರು ಬೆರಳಿನ ವಿಭೂತಿ ಎಳೆದು, ಕಾಯಿಯನ್ನು ಅಲ್ಲಿಯೇ ಒಡೆದು ನೀರು ಎರೆಯುತ್ತಾರೆ. ಈ ಸಲ ಕಾಯಿ ದೊಡ್ಡದಿತ್ತು. “ರೀ, ಟೈರಿಗಿ ಒಡೀರಿ, ಸಾಕು,” ಎಂದು ಹೆಂಡತಿ ಮಲ್ಲಮ್ಮ ಅಂದಿದ್ದಳು. ಗಂಡ ನೋಡಿದ ನೋಟಕ್ಕೆ ಆರತಿತಟ್ಟೆ ಕೆಳಗಿಟ್ಟು ಪಕ್ಕಕ್ಕೆ ಸರಿದಿದ್ದಳು.

ಹರ್ಷಿಣಿ ಮನೆಗೆ ಬಂದು ಎರಡು ವರ್ಷವಾಗುತ್ತ ಬಂದಿತ್ತು. ಮಗ ವಿನಯ ಮೆಚ್ಚಿ ತಂದ ಹುಡುಗಿ. ಸಂಗಮನಾಥರು ಬೇಡವೆನ್ನಲಿಲ್ಲ, ಬೇಕು ಎಂದೂ ಬಾಯಿ ಬಿಟ್ಟು ಹೇಳಲಿಲ್ಲ. ಅವಳದು ಎಡಗೈ. ಬಂದ ಮರುದಿನವೇ ಎಡಗೈಯಲ್ಲಿ ಚಹಾದ ಕಪ್ಪು ಚಾಚಿದಾಗ ಅವರು ಮುಟ್ಟಲಿಲ್ಲ. “ನಮ್ಮ ಮನ್ಯಾಗ ಎಡಗೈ ನಡ್ಯಂಗಿಲ್ಲವ್ವ. ಕೊಡಾದೂ ಬಲಗೈ, ತೊಗೊಳ್ಳಾದೂ ಬಲಗೈ,” ಎಂದು ಬಂದ ನೆಂಟರ ಎದುರಿಗೇ ಹೇಳಿದ್ದರು. ಪಾಪದ ಹುಡುಗಿ ಕಲಿತಳು. ಕಲಿಯುವಾಗ ಬಲಗೈಯಿಂದ ಸಾರು ಚೆಲ್ಲಿಕೊಂಡಳು, ಬಳೆ ಒಡೆದುಕೊಂಡಳು. ಅವಳ ಎಡಗೈಗೆ ಆ ಮನೆಯಲ್ಲಿ ವಿನಾಯಿತಿ ಇದ್ದುದು ಗಾಡಿಯ ಗೇರಿಗೆ ಮಾತ್ರ.

ಅವಳಿಗೆ ಆ ಗಾಡಿ ಬೇಕಿತ್ತು. ಮಳೆಗಾಲದಲ್ಲಿ ಅವಳ ತಾಯಿ ಸರೋಜಿನಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿತ್ತು, ಆದರೆ ಆಟೋದಲ್ಲಿ ಕೂರಿಸಲು ಆಗುತ್ತಿರಲಿಲ್ಲ. ಹೋಟೆಲಿಗೆ ತರಕಾರಿ ತರುವ ಟೆಂಪೊ ಹತ್ತಿಸುವ ಹಾಗೂ ಇರಲಿಲ್ಲ. ಹದಿನೈದು ದಿನಕ್ಕೊಮ್ಮೆ ಹರ್ಷಿಣಿ ಹೋಗಿ, ಈ ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ಮಲಗಿಸಿ ತಾಯಿಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಕೀ ಹೋದರೆ ಆ ದಾರಿಯೂ ಹೋದಂತೆ. ಇದು ಸಂಗಮನಾಥರಿಗೆ ಗೊತ್ತಿರಲಿಲ್ಲವೆಂದಲ್ಲ. ಶುಕ್ರವಾರ ಸಂಜೆ ಅದು ಅವರಿಗೆ ನೆನಪಾಗಲಿಲ್ಲ, ಅಷ್ಟೆ.

ಭಾನುವಾರ ಬೆಳಿಗ್ಗೆ ಮುದ್ದಣ್ಣನವರು ಮೊದಲ ಬಸ್ಸಿಗೇ ಬಂದಿಳಿದರು. ಭಾನುವಾರ ಹೋಟೆಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆ ದಿನ ಅವರು ಗಲ್ಲಾ ಬಿಟ್ಟು ಎದ್ದವರೇ ಅಲ್ಲ. ಕೈಯಲ್ಲಿ ಬಾಳೆಹಣ್ಣಿನ ಬನ್ಸಿನ ಪೊಟ್ಟಣವಿತ್ತು. ಮೇಲೆ ಬನ್ನಿರೆಂದು ಮಲ್ಲಮ್ಮ ಎಷ್ಟು ಕರೆದರೂ ಬರದೆ, ಪಾರ್ಕಿಂಗಿನಲ್ಲೇ ಒಂದು ಕಂಬಕ್ಕೆ ಒರಗಿ ನಿಂತರು. ವಿನಯ ಮೊದಲ ಪಾಳಿಗೆ ಹೋಗಿದ್ದ. ಅವನಿಲ್ಲದ್ದು ಸಂಗಮನಾಥರಿಗೆ ಅನುಕೂಲವೇ ಆಗಿತ್ತು.

“ನೋಡ್ರಿ ಬೀಗ್ರ, ನಾ ಸುಳ್ಳ್ ಹೇಳಂಗಿಲ್ಲ, ನೀವೂ ನಂಬಬ್ಯಾಡ್ರಿ. ಇಂಜಿನ್ನೇ ಹೇಳ್ತದ,” ಎಂದು ಅವರು ಸಾಮಾನಿನ ಪೆಟ್ಟಿಗೆ ತೆರೆದರು. ಬೋಲ್ಟ್ ಬಿಚ್ಚುವ ಒಂದು ಹತ್ತರ ಪಾನಾ, ಪ್ಲಗ್ ಬಿಚ್ಚುವ ಉದ್ದ ಕೊಳವೆಪಾನಾ, ಸ್ಕ್ರೂಡ್ರೈವರ್, ಬ್ಯಾಟರಿ ದೀಪ, ಒಂದು ಹಳೆಯ ಪ್ಲಗ್, ಟೇಪಿನ ಸುರುಳಿ, ಹಳೆಯ ಬನಿಯನ್ನಿನ ಚೂರು. ಅಷ್ಟೇ ಸಾಮಾನು. ಮೇಲಿನ ಮಹಡಿಯ ಕಾಶೀನಾಥನೂ ಇಳಿದು ಬಂದ. ಕಲಬುರಗಿ ಕಡೆಯವನು, ಬ್ಯಾಂಕಿನ ನೌಕರ. ಕಾಕಾ ಗಾಡಿ ಬಿಚ್ಚುವುದನ್ನು ನೋಡುವುದೆಂದರೆ ಅವನಿಗೆ ಇಷ್ಟ.

ಹರ್ಷಿಣಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಗಾಡಿ ಚಾಲೂ ಮಾಡಿಸಿದರು. ಕಾಶೀನಾಥನ ಕೈಗೆ ಒಂದು ಹಾಳೆ ಕೊಟ್ಟು ಸೈಲೆನ್ಸರಿನ ಬಾಯಿಗೆ ಹಿಡಿಯಲು ಹೇಳಿದರು. ಹಾಳೆ ಒಂದೇ ಸಮ ಪಟಪಟಿಸಬೇಕು. ಅದು ಪಟಪಟಿಸುತ್ತ, ನಡುನಡುವೆ ಒಂದು ಪೆಟ್ಟು ತಪ್ಪಿಸುತ್ತ, ಒಮ್ಮೊಮ್ಮೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು.

“ನಾಕ್ ಮಂದಿ ಹೊರೋ ಪಲ್ಲಕ್ಕಿ ಒಬ್ಬವ ಬಿಟ್ಟಾನ,” ಎಂದರು ಸಂಗಮನಾಥರು. “ಯಾವನು ಅಂತ ಹಿಡೀಬೇಕು.”

ಮಾತಿನಲ್ಲಿ ಹುರುಪಿತ್ತು. ಬಾನೆಟ್ ಎತ್ತಿ ಕೋಲು ಕೊಟ್ಟು, ಮುಚ್ಚಳ ಕಳಚಿ ಬದಿಗಿಟ್ಟರು. ನಾಲ್ಕು ಸಿಲಿಂಡರಿನ ನೆತ್ತಿಯ ಮೇಲೆ, ಕಿಡಿ ಹಾರಿಸುವ ಪ್ಲಗ್ಗಿಗೆ ಕರೆಂಟು ಕೊಡುವ ನಾಲ್ಕು ಕಾಯಿಲ್, ಒಂದೊಂದಕ್ಕೂ ಒಂದೊಂದು ವೈರು. ಗಾಡಿ ಬಂದ್ ಮಾಡಿಸಿ ಮೊದಲನೆಯದರ ವೈರು ಕಿತ್ತು ಮತ್ತೆ ಚಾಲೂ ಮಾಡಿಸಿದರು. ಇಂಜಿನ್ ಇನ್ನಷ್ಟು ಅದುರಿತು. ಅಂದರೆ ಮೊದಲನೆಯದು ಅಷ್ಟು ಹೊತ್ತೂ ದುಡಿಯುತ್ತಿತ್ತು. ವೈರು ಸಿಕ್ಕಿಸಿ ಎರಡನೆಯದನ್ನು ಕಿತ್ತರು. ಮತ್ತೆ ಅದುರಿತು. ಮೂರನೆಯದನ್ನು ಕಿತ್ತರು. ಇಂಜಿನ್ನಿಗೆ ಏನೂ ಅನ್ನಿಸಲಿಲ್ಲ, ಮೊದಲಿನ ಹಾಗೆಯೇ ಕುಂಟುತ್ತಿತ್ತು. ಕೆಲಸ ಬಿಟ್ಟವನ ವೈರು ಕಿತ್ತರೆ ಯಾರಿಗೆ ನಷ್ಟ?

“ಮೂರನೇದು! ಸಿಕ್ತು ನೋಡ್ರಿ ಕಳ್ಳ!”

ಕಾಶೀನಾಥ ಹಾಳೆ ಹಿಡಿದುಕೊಂಡೇ ಮುಂದೆ ಬಂದ. “ಕಾಕಾ, ಕೆಟ್ಟ ಪೆಟ್ರೋಲ್ ಇದ್ರ ನಾಕೂ ಕುಂಟಬೇಕಿತ್ತಲ್ರಿ? ಒಂದಕ್ಕೇ ಹೆಂಗ್ ಕೆಡ್ತದ?”

ಒಳ್ಳೆಯ ಪ್ರಶ್ನೆ. ಸಂಗಮನಾಥರಿಗೆ ಅದು ಮೂರನೇ ವೈರು ಕಿತ್ತ ಗಳಿಗೆಯಲ್ಲೇ ಹೊಳೆದಿತ್ತು. ಪೆಟ್ರೋಲು ನಾಲ್ವರಿಗೂ ಒಂದೇ ಟ್ಯಾಂಕಿನಿಂದ ಬರುತ್ತದೆ. ದೌಲತಾಬಾದಿನ ಪಂಪು ಅಲ್ಲಿಗೇ ನಿರಪರಾಧಿ ಆಗಿತ್ತು. ಅದನ್ನು ಗಟ್ಟಿಯಾಗಿ ಹೇಳಿಬಿಡಲು ಅದೇ ಸರಿಯಾದ ಸಮಯವಾಗಿತ್ತು. ಅವರು “ತಡಿ, ಇನ್ನೂ ಮುಗ್ದಿಲ್ಲ” ಎಂದು ಗದರಿ, ಇಂಜಿನ್ ಬಂದ್ ಮಾಡಿಸಿ, ಅದು ಕೊಂಚ ಆರುವ ತನಕ ಯಾರ ಮುಖವನ್ನೂ ನೋಡದೆ ಪಾನಾ ಒರೆಸುತ್ತ ಕುಳಿತರು.

ಆಮೇಲೆ ಮೂರನೇ ಕಾಯಿಲ್ಲಿನ ಬೋಲ್ಟ್ ಬಿಚ್ಚಿ ಮೇಲಕ್ಕೆಳೆದರು. ಸಲೀಸಾಗಿ ಬರಬೇಕಾದದ್ದು ಅಂಟಿಕೊಂಡಿತ್ತು. ತಿರುವಿ ತಿರುವಿ ಎಳೆದಾಗ ಪುಚಕ್ಕೆಂದು ಬಂತು. ಮೊದಲು ಬಂದದ್ದು ವಾಸನೆ. ಹುಳಿತ ಕಾಯಿನೀರಿನ ವಾಸನೆ, ಸುಟ್ಟ ಬೆಲ್ಲದ ವಾಸನೆ ಬೆರೆತದ್ದು. ಅವರು ಬ್ಯಾಟರಿಯ ಬೆಳಕು ಬಿಟ್ಟು ಪ್ಲಗ್ ಕೂತ ಗುಳಿಯೊಳಗೆ ನೋಡಿದರು. ಪ್ಲಗ್ಗಿನ ಬುಡದಲ್ಲಿ ಕಂದುಬಣ್ಣದ ಅಂಟು ನಿಂತಿತ್ತು. ಪ್ಲಗ್ಗಿನ ಬಿಳಿಯ ಪಿಂಗಾಣಿಯ ಮೇಲೆ ಮೇಲಿಂದ ಕೆಳಗಿನ ತನಕ ಒಂದು ಕಪ್ಪು ಗೆರೆ. ಕಿಡಿ ಒಳಗೆ ಹೋಗುವುದನ್ನು ಬಿಟ್ಟು ಹೊರಗಿನಿಂದಲೇ ಆ ಗೆರೆ ಹಿಡಿದು ಹರಿದುಹೋಗುತ್ತಿತ್ತು. ಕಾಯಿಲ್ಲಿನ ಕುತ್ತಿಗೆಯ ರಬ್ಬರು ಸೀಳಿತ್ತು, ಸೀಳಿನ ತುಂಬ ಬೂದಿಯ ಕೆಸರು. ಆ ಕೆಸರಿನಲ್ಲಿ ಸಿಕ್ಕಿಕೊಂಡಿತ್ತು, ಉಗುರಿನಷ್ಟು ದೊಡ್ಡ ಒಂದು ಕೊಬ್ಬರಿ ಚೂರು.

ಬೂದಿ ಯಾವುದೆಂದು ಅವರನ್ನು ಯಾರೂ ಕೇಳಬೇಕಿರಲಿಲ್ಲ. ಹಣೆಯ ಮೇಲೆ ಬೆಳಿಗ್ಗೆ ತಾವೇ ಎಳೆದುಕೊಂಡದ್ದು ಇನ್ನೂ ಇತ್ತು.

ಇಂಥ ಗಳಿಗೆಯಲ್ಲಿ ಮನುಷ್ಯನಿಗೆ ಮೊದಲು ಹೊಳೆಯುವುದು ಸತ್ಯವಲ್ಲ, ಯಾರು ನೋಡಿದರು ಎಂಬುದು. ಸಂಗಮನಾಥರು ಕೊಬ್ಬರಿ ಚೂರನ್ನು ಬಲಗೈಗೆ ತೆಗೆದುಕೊಂಡು ಮುಷ್ಟಿ ಬಿಗಿದರು. ಕಾಯಿಲ್ಲನ್ನು ಬನಿಯನ್ ಚೂರಿನಲ್ಲಿ ಸುತ್ತಿ ಪೆಟ್ಟಿಗೆಯ ಮೇಲಿಟ್ಟರು. ಮಲ್ಲಮ್ಮ ಹಿಂದೆಯೇ ನಿಂತಿದ್ದಳು, ಅವಳಿಗೆ ಕಂಡಿತೋ ಇಲ್ಲವೋ ತಿಳಿಯಲಿಲ್ಲ. ತಿರುಗಿ ನೋಡಲು ಧೈರ್ಯ ಬರಲಿಲ್ಲ.

“ಸಿಕ್ಕಿತಾ ರಾಯ್ರೆ?” ಮುದ್ದಣ್ಣನವರು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

“ಕಾಯಿಲ್ ಸುಟ್ಟದ.”

“ಯಾಕೆ ಸುಡ್ತದೆ ಅದು?”

ಹೇಳಬಹುದಿತ್ತು. ನಾಲಿಗೆಯ ತುದಿಯ ತನಕ ಬಂದಿತ್ತು. ಆದರೆ ಅಲ್ಲಿಂದ ಹೊರಬಿದ್ದದ್ದು ಬೇರೆಯೇ ಮಾತು. “ಹಾಫ್ ಕ್ಲಚ್ ಮ್ಯಾಲ ಘಾಟ್ ಏರ್ಸಿದ್ರ ಇಂಜಿನ್ ಕಾಯ್ತದ್ರಿ. ಇಂಜಿನ್ ಕಾದ್ರ ಕಾಯಿಲ್ ಸುಡ್ತದ.”

“ಸಂಭಾಜಿನಗರದ ದಾರ್ಯಾಗ ಘಾಟ್ ಎಲ್ಲದ ಕಾಕಾ?” ಎಂದ ಕಾಶೀನಾಥ. “ಘಾಟ್ ಇರಾದು ಘೋಟಿ ದಾಟಿ, ಮುಂಬೈ ಕಡಿ ಹೋಗಾಗ.”

“ನೀ ಹಾಳಿ ಹಿಡಿ ಅಂದ್ರ ಹಾಳಿ ಹಿಡಿ!”

ಕಾಶೀನಾಥ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ಕಾರಿನೊಳಗಿಂದ ಹರ್ಷಿಣಿಯ ದನಿ ಕೇಳಿತು, ಬಹಳ ಸಣ್ಣಗೆ. “ನಾನು ಹಾಫ್ ಕ್ಲಚ್ಚಲ್ಲಿ ಓಡ್ಸಲ್ಲ ಮಾವ.” ಎತ್ತಿದ್ದ ಬಾನೆಟ್ ಅಡ್ಡವಿದ್ದುದರಿಂದ ಅವಳ ಮುಖ ಕಾಣುತ್ತಿರಲಿಲ್ಲ. ಸಂಗಮನಾಥರು ಕೇಳಿಸದವರ ಹಾಗೆ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕಿದರು. ಒಂದು ಸುಳ್ಳನ್ನು ಉಳಿಸಲು ಇನ್ನೊಂದು ಸುಳ್ಳು ಹೇಳಿ ಆಗಿತ್ತು, ಮೂರನೆಯದು ತಾನಾಗಿ ಬರುವುದೇನೂ ಕಷ್ಟವಿರಲಿಲ್ಲ. ಅದು ಬರುತ್ತದೆ ಎಂದು ಗೊತ್ತಾಗಿ ಅವರಿಗೆ ತಮ್ಮ ಮೇಲೆ ಹೇಸಿಗೆ ಎನಿಸಿತು. ಆದರೂ ಮುಷ್ಟಿ ಬಿಚ್ಚಲಿಲ್ಲ.

ಮುದ್ದಣ್ಣನವರು ಕಾರಿನ ಬಾಗಿಲ ಬಳಿ ಹೋಗಿ ಮಗಳ ಎದುರಿಗೆ ಬಗ್ಗಿದರು.

“ಕೀ ತೆಗಿ ಮಗಾ.”

“ಅಪ್ಪಾ…”

“ತೆಗಿ. ಅವರ ಗಾಡಿ ಅವರಿಗೆ ಇರ್ಲಿ. ನೀನು ಬರ್ಬೇಕಂತ ಇಲ್ಲ. ಅಮ್ಮನಿಗೆ ನಾನು ಹೇಳ್ತೇನೆ. ಆಸ್ಪತ್ರೆಯವರನ್ನೇ ಮನೆಗೆ ಕರೆಸುವಾ, ಏನಾದ್ರೂ ಮಾಡುವಾ.” ಅವರು ಮಗಳ ತಲೆ ಸವರಿದರು. “ನಿನ್ನ ದೆಸೆಯಿಂದ ಈ ಮನೆಯಲ್ಲಿ ಒಂದು ಮಾತು ಬರುವುದು ಬೇಡ.”

ಕೀ ಗೊಂಚಲಿನಿಂದ ಕಾರಿನ ಕೀ ಬಿಡಿಸಲು ಹರ್ಷಿಣಿಗೆ ಹೊತ್ತಾಯಿತು. ಮುದ್ದಣ್ಣನವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಪ್ರಸಾದ ತರುವವರ ಹಾಗೆ ತಂದು ಸಂಗಮನಾಥರ ಮುಂದೆ ನಿಂತರು. ದಿನಕ್ಕೆ ನೂರಾರು ಜನಕ್ಕೆ ಊಟ ಹಾಕುವ ಮನುಷ್ಯ. ತಲೆ ಬಗ್ಗಿಸಿ ನಿಂತಿದ್ದರು.

“ತಗೊಳ್ಳಿ ರಾಯ್ರೆ. ಮಗಳಿಗೆ ನಾನು ಸರಿಯಾಗಿ ಕಲಿಸಲಿಲ್ಲ. ಹೊಟ್ಟೆಯಲ್ಲಿ ಹಾಕಿಕೊಳ್ಳಿ.”

ಸಂಗಮನಾಥರ ಎಡಗೈ ಅರ್ಧ ಮೇಲೆದ್ದಿತು. ಅಲ್ಲೇ ನಿಂತಿತು.

ಹರ್ಷಿಣಿ ಬಾಗಿಲು ತೆರೆದು ಹೊರಗೆ ಬಂದು ನಿಂತಿದ್ದಳು. ಅವಳು ನೋಡುತ್ತಿದ್ದುದು ಕೀಯನ್ನಲ್ಲ, ಆ ಎಡಗೈಯನ್ನು. ಮಲ್ಲಮ್ಮನೂ ಅದನ್ನೇ ನೋಡುತ್ತಿದ್ದಳು. ಕಾಶೀನಾಥನಿಗೂ ವಿಚಿತ್ರವೆನಿಸಿತು. ತನ್ನ ಮದುವೆಯ ಕಾರ್ಡನ್ನು ಎಡಗೈಯಲ್ಲಿ ಕೊಡಲು ಹೋಗಿ ಇದೇ ಕಾಕಾನಿಂದ ಬೈಸಿಕೊಂಡವನು ಅವನು. ಬೀಗರು ಎರಡೂ ಕೈಯಲ್ಲಿ ಕೊಡುತ್ತಿರುವುದನ್ನು ಎಡಗೈಯಲ್ಲಿ ತೆಗೆದುಕೊಳ್ಳುವುದೆಂದರೆ ಎದುರಿಗಿದ್ದವರ ಮುಖಕ್ಕೆ ಉಗಿದಂತೆ. ಸಂಗಮನಾಥರು ಎಡಗೈಯನ್ನು ಇಳಿಸಿದರು. ಬಲಗೈ ಮುಷ್ಟಿ ಕಟ್ಟಿಕೊಂಡೇ ಇತ್ತು.

“ಕೈಗೇನಾದ್ರೂ ತಾಗಿತಾ?” ಎಂದರು ಮುದ್ದಣ್ಣನವರು, ನಿಜವಾದ ಕಾಳಜಿಯಿಂದ. “ಇಲ್ಲಿ ತೋರ್ಸಿ ಮಾರಾಯ್ರೆ.”

ಆ ಕಾಳಜಿಯನ್ನು ಅವರಿಗೆ ತಡೆದುಕೊಳ್ಳಲಾಗಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದರು. ಬಲಗೈ ಮುಂದೆ ಬಂತು, ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಂಗೈಯ ಮಧ್ಯದಲ್ಲಿ ಕಂದು ಬಣ್ಣದ ಕೊಬ್ಬರಿ ಚೂರು, ಅದರ ಸುತ್ತ ವಿಭೂತಿಯ ಕೆಸರು.

ಹೋಟೆಲಿನವರಿಗೆ ಕೊಬ್ಬರಿ ಯಾವ ರೂಪದಲ್ಲಿದ್ದರೂ ಗುರುತು ಸಿಗುತ್ತದೆ. ಮುದ್ದಣ್ಣನವರು ಚೂರನ್ನು ನೋಡಿದರು, ತೆರೆದ ಇಂಜಿನ್ನನ್ನು ನೋಡಿದರು, ಬೀಗರ ಹಣೆಯನ್ನು ನೋಡಿದರು. ಫೋನಿನಲ್ಲಿ ಕೇಳಿದ ಪೂಜೆಯ ಮಾತು ಅವರಿಗೂ ನೆನಪಾಗಿರಬೇಕು. ಅವರೇನೂ ನಗಲಿಲ್ಲ. ಸುತ್ತಲಿದ್ದವರ ಕಡೆ ಒಮ್ಮೆ ಕಣ್ಣು ಹಾಯಿಸಿ, “ಅಯ್ಯೋ, ದೇವರ ಪ್ರಸಾದ ಅಲ್ವಾ? ಅದರಿಂದ ಏನೂ ಆಗಿರ್ಲಿಕ್ಕಿಲ್ಲ ಬಿಡಿ,” ಎಂದು ಆ ಕೈಯನ್ನು ತಮ್ಮ ಕೈಯಿಂದ ಮುಚ್ಚಲು ಹೋದರು.

“ಮುಚ್ಚಬ್ಯಾಡ್ರಿ,” ಎಂದರು ಸಂಗಮನಾಥರು. ಕೈ ಹಿಂದಕ್ಕೆಳೆದುಕೊಂಡು ಅಂಗೈ ತೆರೆದೇ ಹಿಡಿದರು. “ಮುಚ್ಚಬ್ಯಾಡ್ರಿ ಬೀಗ್ರ. ನೋಡ್ಲಿ ಎಲ್ಲಾರೂ. ಕಾಯಿ ಒಡದಾಂವ ನಾನು. ನೀರ್ ಇಳದು ಪ್ಲಗ್ಗಿಗಿ ಹೋಗ್ಯಾದ. ಅಕಿ ಏನೂ ಮಾಡಿಲ್ಲ. ಕೆಟ್ಟ ಗಾಡಿ ಅಷ್ಟು ದೂರದಿಂದ ಮುರೀದಂಗ ತಂದಾಳ. ಅಕಿ ಗಾಡಿ ಛಲೋ ಹೊಡೀತಾಳ.”

ಮಲ್ಲಮ್ಮ ಗಂಡನಿಗೆ ಕೇಳುವಷ್ಟೇ ಮೆಲ್ಲಗೆ ಅಂದಳು. “ಟೈರಿಗಿ ಒಡೀರಿ ಅಂದಿದ್ದೆ ನಾ.”

“ಹೂಂ. ಅಂದಿದ್ದಿ.”

ಅಂಗಳದಿಂದ ಇಬ್ಬರು ಮೂವರು ಬಂದು ನಿಂತಿದ್ದರು, ಶುಕ್ರವಾರ ನಕ್ಕವರೇ. ಯಾರೂ ನಗಲಿಲ್ಲ. ಒಬ್ಬ ಮಾತ್ರ ಮರಾಠಿಯಲ್ಲಿ, ಗಾಡಿ ಸರಿಯಾಯಿತಾ ಇಂಜಿನಿಯರ್ ಕಾಕಾ ಎಂದು ಕೇಳಿದ. ಆ ಹೆಸರು ಅವರಿಗೆ ಕಪಾಳಕ್ಕೆ ಬಿದ್ದಂತಾಯಿತು.

ಮುದ್ದಣ್ಣನವರು ಕೀ ಹಿಡಿದುಕೊಂಡು ಇನ್ನೂ ನಿಂತೇ ಇದ್ದರು. ಏನು ಮಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

“ಅಕಿಗಿ ಕೊಡ್ರಿ,” ಎಂದರು ಸಂಗಮನಾಥರು. “ಅದು ಅಕಿ ಕೀ.”

ಹರ್ಷಿಣಿ ಮುಂದೆ ಬಂದು ಕೈ ಚಾಚಿದಳು. ಎಡಗೈ. ಅವಳಿಗದು ಗಮನಕ್ಕೆ ಬಂತೋ ಇಲ್ಲವೋ, ಹಿಂದೆಗೆದುಕೊಳ್ಳಲಿಲ್ಲ. ಮುದ್ದಣ್ಣನವರು ಗಾಬರಿಯಿಂದ ಬೀಗರ ಮುಖ ನೋಡಿದರು. ಸಂಗಮನಾಥರು ಇಂಜಿನ್ನಿನ ಕಡೆ ತಿರುಗಿಕೊಂಡರು.

ಮುಂದಿನ ಕೆಲಸ ಕಷ್ಟದ್ದಲ್ಲ. ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ ಗುಳಿಯ ಅಂಟನ್ನೆಲ್ಲ ತೆಗೆದರು. ಕೊಳವೆಪಾನಾದಿಂದ ಕಪ್ಪು ಗೆರೆಯ ಪ್ಲಗ್ ಬಿಚ್ಚಿ, ಪೆಟ್ಟಿಗೆಯಲ್ಲಿದ್ದ ಹಳೆಯದೊಂದನ್ನು ಹಾಕಿದರು. ಕಾಯಿಲ್ಲನ್ನು ಒರೆಸಿ ಬಿಸಿಲಿಗೆ ಹಿಡಿದು ಒಣಗಿಸಿ, ಸೀಳಿದ ರಬ್ಬರಿಗೆ ಟೇಪು ಸುತ್ತಿ ಕೂರಿಸಿದರು. ಇನ್ನೊಂದು ದಿನವಾಗಿದ್ದರೆ ಒಂದೊಂದು ಹೆಜ್ಜೆಗೂ ವಿವರಣೆ ಇರುತ್ತಿತ್ತು. ಈಗ ಕಾಶೀನಾಥ ಬ್ಯಾಟರಿ ಹಿಡಿದುಕೊಂಡು ನಿಂತಿದ್ದ, ಅವರು ಕೆಲಸವಷ್ಟೇ ಮಾಡಿದರು.

“ಚಾಲೂ ಮಾಡ್ಲಾ ಮಾವ?” ಮತ್ತೆ ಸೀಟಿನಲ್ಲಿ ಕೂತಿದ್ದ ಹರ್ಷಿಣಿ ಒಳಗಿಂದ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಿದ್ದಿದ್ದರೆ ಚೆನ್ನಾಗಿತ್ತು.

“ಮಾಡವ್ವ.”

ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ನಾಲ್ಕೂ ಪೆಟ್ಟು ಸಮನಾಗಿ ಬೀಳುತ್ತಿದ್ದವು. ಕಾಶೀನಾಥ ಮಡಚಿದ ಹಾಳೆ ಬಿಡಿಸಿಕೊಂಡು ಸೈಲೆನ್ಸರಿನ ಹತ್ತಿರ ಓಡಿದ. “ಬರೋಬ್ಬರಿ ಅದ ಕಾಕಾ!” ಎಂದು ಕೂಗಿದ. ಮಲ್ಲಮ್ಮ ಬೀಗರನ್ನು ಬಲವಂತ ಮಾಡಿ ಮೇಲೆ ಕರೆದುಕೊಂಡು ಹೋದಳು. ಬಂದವರು ಒಬ್ಬೊಬ್ಬರಾಗಿ ಚದುರಿದರು.

ಕೆಲಸ ಮುಗಿದಿತ್ತು. ಮುಚ್ಚಳ ಕೂರಿಸಿ, ಸಾಮಾನು ಪೆಟ್ಟಿಗೆಗೆ ಹಾಕಿ ಆಗಿತ್ತು. ಸಂಗಮನಾಥರು ಬಾನೆಟ್ಟಿನ ಕೋಲಿನ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತರು. ಬಾನೆಟ್ ಇಳಿಸಿದರೆ ಗಾಜಿನ ಆಚೆ, ಇನ್ನೂ ಸೀಟಿನಲ್ಲೇ ಕೂತಿದ್ದ ಸೊಸೆಯ ಮುಖ ಕಾಣುತ್ತಿತ್ತು.